ಸರಾಸರಿ ಅಂಕ ಒಂದೇ ಸಾಲದು

ಕ್ಯಾಲಿಫೋರ್ನಿಯಾದ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಿಂದ ಯುಸಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ವರ್ಗವಾಗಿ ಹೋಗಲು ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಚೆನ್ನಾಗಿದ್ದರೆ ಸಾಕು ಎಂಬ ಮಾತು ಅರ್ಧ ಸತ್ಯ. ಅಲ್ಲಿನ ನಿವಾಸಿಗಳಿಗೆ ಕನಿಷ್ಠ 2.4, ಹೊರಗಿನವರಿಗೆ 2.8. ಇದು ಅರ್ಜಿ ಹಾಕುವ ಅರ್ಹತೆ ಮಾತ್ರ, ಸೀಟಲ್ಲ. ಹೆಚ್ಚಿನವರು ಎಡವುವುದು ಮೇಜರ್‌ನ (ಪದವಿಯ ಮುಖ್ಯ ವಿಷಯದ) ಪೂರ್ವಸಿದ್ಧತಾ ಕೋರ್ಸ್‌ಗಳಲ್ಲಿ. ನಿಮ್ಮ ಕಾಲೇಜಿನ ಯಾವ ಕೋರ್ಸು ಯುಸಿಯ ಯಾವ ಕ್ಯಾಂಪಸ್‌ನ ಯಾವುದಕ್ಕೆ ಸಮ ಎಂಬುದನ್ನು ಅಸಿಸ್ಟ್ ಜಾಲತಾಣದಲ್ಲಿ ಮೊದಲ ಟರ್ಮ್‌ನಲ್ಲೇ ನೋಡಿಕೊಳ್ಳಿ. ಕ್ಯಾಲ್ಕುಲಸ್ ಅಥವಾ ಫಿಸಿಕ್ಸ್ ಸರಣಿಯನ್ನು ಅರ್ಧ ಒಂದು ಕಾಲೇಜಿನಲ್ಲಿ, ಅರ್ಧ ಇನ್ನೊಂದರಲ್ಲಿ ಮುಗಿಸಿದರೆ ಕೆಲವೊಮ್ಮೆ ಎರಡೂ ಲೆಕ್ಕಕ್ಕೆ ಬರುವುದಿಲ್ಲ.

ಯುಸಿಗೆ ಸೇರುವುದು ಫಾಲ್ (ಶರತ್ಕಾಲದ) ಟರ್ಮ್‌ಗಾದರೆ, ಯುಸಿಗೆ ವರ್ಗಾವಣೆಯಾಗುವ 60 ಸೆಮಿಸ್ಟರ್ ಯೂನಿಟ್ (ಕೋರ್ಸ್‌ಗಳನ್ನು ಅಳೆಯುವ ಲೆಕ್ಕ) ಅದರ ಹಿಂದಿನ ಸ್ಪ್ರಿಂಗ್ (ವಸಂತದ) ಟರ್ಮ್ ಕೊನೆಗೆ ಮುಗಿದಿರಬೇಕು. ಡಿ ಆಂಜಾದಂಥ, ಸೆಮಿಸ್ಟರ್ ಬದಲು ಚಿಕ್ಕ ಕ್ವಾರ್ಟರ್‌ಗಳಲ್ಲಿ ಕಲಿಸುವ ಕಾಲೇಜಾದರೆ 90 ಕ್ವಾರ್ಟರ್ ಯೂನಿಟ್. ಬೇ ಏರಿಯಾದ ನಮ್ಮವರ ಮಕ್ಕಳು ಇದನ್ನೇ ಗೊಂದಲ ಮಾಡಿಕೊಳ್ಳುವುದು.

ಟ್ಯಾಗ್ ಎಂಬ ಖಾತರಿ ಪ್ರವೇಶ ಯುಸಿಯ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಕ್ಯಾಂಪಸ್‌ಗಳಲ್ಲಿ ಮಾತ್ರ. ಅದೂ ಒಂದೇ ಕ್ಯಾಂಪಸ್‌ಗೆ, ಸೆಪ್ಟೆಂಬರ್‌ನಲ್ಲೇ ಹಾಕಬೇಕು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಈ ಪಟ್ಟಿಯಲ್ಲಿಲ್ಲ. ಕಂಪ್ಯೂಟರ್ ಸೈನ್ಸ್‌ನಂಥ ಮೇಜರ್‌ಗಳನ್ನು ಕೆಲವು ಕ್ಯಾಂಪಸ್‌ಗಳು ಖಾತರಿಯಿಂದಲೇ ಹೊರಗಿಡುತ್ತವೆ. ಟ್ಯಾಗ್ ಸಿಕ್ಕಿತೆಂದು ಮುಖ್ಯ ಅರ್ಜಿ ಮರೆತರೆ ಖಾತರಿಯೂ ಹೋಯಿತು. ಜನವರಿಯಲ್ಲಿ ಫಾಲ್ ಟರ್ಮ್ ಗ್ರೇಡ್‌ಗಳನ್ನು ಆ ಅರ್ಜಿಗೆ ಸೇರಿಸುವುದನ್ನೂ ಬಿಡಬೇಡಿ.