ಸಣ್ಣ ರ‍್ಯಾಪಿಡ್ ಇರುವ ಹೊಳೆಗೆ ಸ್ವಂತ ದೋಣಿ: ಬಿಡಬೇಕೆ, ಬೇಡವೆ?

ಕೊಡಗು, ಮಲೆನಾಡು, ಉತ್ತರ ಕನ್ನಡದ ಹೊಳೆಗಳಲ್ಲಿ ರ‍್ಯಾಫ್ಟಿಂಗ್ ಈಗ ಹೊಸದೇನಲ್ಲ. ದುಡ್ಡು ಕೊಟ್ಟರೆ ಗೈಡ್ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ಇಲ್ಲಿರುವ ಪ್ರಶ್ನೆ ಬೇರೆ. ನೀರಿನ ರಭಸ ಕಡಿಮೆ ಇರುವ ಕಡೆ, ಅಂದರೆ ಬಂಡೆಗಳ ನಡುವೆ ನೀರು ನುಗ್ಗುವ ರ‍್ಯಾಪಿಡ್‌ಗಳು ಸಣ್ಣದಾಗಿರುವ ಕಡೆ, ಹವ್ಯಾಸಿಗಳು ಗೈಡ್ ಇಲ್ಲದೆ ಹುಟ್ಟು ಹಾಕಿ ನಡೆಸುವ ತಮ್ಮದೇ ಸಣ್ಣ ದೋಣಿ, ಕನೂ ಅಥವಾ ಕಯಾಕ್, ಇಳಿಸಲು ಸರ್ಕಾರ ಅವಕಾಶ ಕೊಡಬೇಕೆ?

ಪರ: ಹುಟ್ಟು ನಮ್ಮ ಕೈಗೆ ಬರಲಿ

ದುಬಾರೆಯಲ್ಲಿ ರ‍್ಯಾಫ್ಟಿಂಗ್ ಮಾಡಿ ಬಂದವರನ್ನು ಕೇಳಿ ನೋಡಿ. ಮುಖಕ್ಕೆ ನೀರು ಎರಚಿದ್ದು, ಗೈಡ್ ‘ಫಾರ್ವರ್ಡ್, ಫಾರ್ವರ್ಡ್’ ಎಂದು ಕೂಗಿದ್ದು ನೆನಪಿರುತ್ತದೆ. ಯಾವ ಬಂಡೆಯ ಯಾವ ಪಕ್ಕದಿಂದ ಬಂದಿರಿ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅವರನ್ನು ದೂರುವಂತಿಲ್ಲ. ರ‍್ಯಾಫ್ಟಿನಲ್ಲಿ ಅವರು ಪ್ರಯಾಣಿಕರು. ಹತ್ತಿದರು, ಕೂತರು, ಇಳಿದರು.

ಕನೂ ಹತ್ತಿದವನಿಗೆ ಆ ಸೌಕರ್ಯ ಇಲ್ಲ. ಎರಡೂ ಕಡೆ ಚೂಪಾದ, ಮೇಲೆ ತೆರೆದಿರುವ ಉದ್ದನೆಯ ದೋಣಿ ಅದು. ಕಯಾಕ್‌ನ ಹುಟ್ಟಿಗೆ ಎರಡು ತುದಿಯಲ್ಲೂ ಅಲಗು ಇರುತ್ತದೆ, ಕನೂವಿನದಕ್ಕೆ ಒಂದೇ. ಬಲಗಡೆ ಹುಟ್ಟು ಹಾಕಿದರೆ ದೋಣಿಯ ಮೂತಿ ಎಡಕ್ಕೆ ತಿರುಗುತ್ತದೆ. ಅದನ್ನು ನೇರ ಮಾಡಲು ಪ್ರತಿ ಸಲವೂ ಕೊನೆಯಲ್ಲಿ ಅಲಗನ್ನು ಸ್ವಲ್ಪ ಹೊರಕ್ಕೆ ತಿರುಚಬೇಕು. ಇದಕ್ಕೆ ‘ಜೆ ಸ್ಟ್ರೋಕ್’ ಎನ್ನುತ್ತಾರೆ. ಕೇಳಲು ಸುಲಭ, ಕೈಗೆ ಹತ್ತಲು ವಾರಗಳೇ ಬೇಕು. ನಾನು ಇದನ್ನು ಕಲಿತದ್ದು ಹಿನ್ನೀರಿನಲ್ಲಿ. ಆಮೇಲೆ ಹರಿಯುವ ನೀರಿಗೆ ಬಂದಾಗ ಗೊತ್ತಾಯಿತು, ಹುಟ್ಟು ಹಾಕುವುದಕ್ಕಿಂತ ಮೊದಲು ಕಲಿಯಬೇಕಾದದ್ದು ನೀರನ್ನು ಓದುವುದು.

ನೀರು ತಾನು ಹೋಗುವ ದಾರಿಯನ್ನು ಮೇಲೆಯೇ ಬರೆದಿಟ್ಟಿರುತ್ತದೆ. ಎರಡು ಬಂಡೆಗಳ ನಡುವೆ ನುಣುಪಾದ ನೀರು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಕೆಳಮುಖವಾಗಿ ಚೂಪಾಗಿದ್ದರೆ ಅಲ್ಲಿ ಆಳವಿದೆ, ದೋಣಿಗೆ ದಾರಿ ಇದೆ. ಆ ಚೂಪು ಮೇಲ್ಮುಖವಾಗಿದ್ದರೆ ನೀರಿನಡಿ ಬಂಡೆ ಕೂತಿದೆ ಎಂದರ್ಥ. ದೊಡ್ಡ ಬಂಡೆಯ ಬೆನ್ನ ಹಿಂದೆ ನೀರು ತಿರುಗಿ ಮೇಲಕ್ಕೆ ಹರಿಯುತ್ತಿರುತ್ತದೆ. ಅದೇ ಎಡ್ಡಿ. ಅಲ್ಲಿಗೆ ಮೂತಿ ಚುಚ್ಚಿ ದೋಣಿಯನ್ನು ತಿರುಗಿಸಿ ನಿಲ್ಲಿಸಿದರೆ ಹೊಳೆಯ ನಡುಮಧ್ಯೆ ಸುಧಾರಿಸಿಕೊಳ್ಳಬಹುದು, ಮುಂದಿನ ತಿರುವನ್ನು ನೋಡಬಹುದು. ಮುಂದಿನದು ಕಾಣುತ್ತಿಲ್ಲವೇ? ದಡಕ್ಕೆ ಇಳಿದು ನಡೆದು ನೋಡಿ. ಧೈರ್ಯ ಸಾಲದಿದ್ದರೆ ದೋಣಿಯನ್ನು ಹೆಗಲ ಮೇಲೆ ಹೊತ್ತು ದಾಟಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕನೂ ನಡೆಸುವವರು ಲೋಕದ ಎಲ್ಲ ಕಡೆ ಹೀಗೆಯೇ ಮಾಡುತ್ತಾರೆ.

ರ‍್ಯಾಪಿಡ್‌ಗಳನ್ನು 1ರಿಂದ 6ರವರೆಗೆ ಗ್ರೇಡ್ ಮಾಡುತ್ತಾರೆ. 6 ಎಂದರೆ ಪರಿಣತರೂ ಹಿಂದೆ ಸರಿಯುವ ಜಾಗ. ನಾನು ಕೇಳುತ್ತಿರುವುದು 1 ಮತ್ತು 2 ಮಾತ್ರ. ಸಣ್ಣ ಅಲೆ, ಅಗಲವಾದ ದಾರಿ, ಅಲ್ಲೊಂದು ಇಲ್ಲೊಂದು ಬಂಡೆ. ಮಳೆ ಇಳಿದ ಮೇಲಿನ ದುಬಾರೆಯ ಕಾವೇರಿ ಇಂಥದ್ದು. ಮಳೆಗಾಲದಲ್ಲಿ ದಕ್ಷಿಣ ಕೊಡಗಿನ ಬರಪೊಳೆ ನದಿಗೆ ಹವ್ಯಾಸಿಗಳನ್ನು ಬಿಡಿ ಎಂದು ತಲೆ ಇರುವ ಯಾರೂ ಕೇಳುವುದಿಲ್ಲ.

ನೀರಿಗೆ ಇಳಿಯುವುದು ನಮ್ಮವರಿಗೆ ಹೊಸದೇ? ಹಂಪಿಯಲ್ಲಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿಸುವವರು ಯಾವ ಶಾಲೆಗೆ ಹೋಗಿ ಕಲಿತರು? ಅಘನಾಶಿನಿಯ ಅಳಿವೆಯಲ್ಲಿ ಸಣ್ಣ ದೋಣಿ ಕಟ್ಟಿಕೊಂಡು ಬಳಚು (ಚಿಪ್ಪುಮೀನು) ತೆಗೆಯುವವರಿಗೆ ಉಬ್ಬರ ಇಳಿತ ಬಾಯಿಪಾಠ. ಈ ತಿಳಿವಳಿಕೆ ಕಳೆದುಕೊಂಡವರು ಪೇಟೆಯ ನಾವು. ಪೇಟೆಯ ಹುಡುಗರು ಹೊಳೆ ಕಂಡ ಕೂಡಲೇ ಸೆಲ್ಫಿಗೆ ಬಂಡೆ ಹತ್ತುತ್ತಾರೆ, ಈಜು ಬಾರದೆ ಮಡುವಿಗೆ ಹಾರುತ್ತಾರೆ. ಅವರಿಗೆ ನೀರಿನ ಭಯವೂ ಗೊತ್ತಿಲ್ಲ, ಭಾಷೆಯೂ ಗೊತ್ತಿಲ್ಲ. ‘ಇಲ್ಲಿ ಇಳಿಯಬೇಡಿ’ ಎಂಬ ಬೋರ್ಡ್ ಅವರಿಗೆ ಏನನ್ನೂ ಕಲಿಸಲಿಲ್ಲ. ದೋಣಿ ಕಲಿಸುತ್ತದೆ. ಲೈಫ್ ಜಾಕೆಟ್ ಹಾಕದೆ ದೋಣಿ ಮುಟ್ಟಬಾರದು, ಬಿದ್ದರೆ ಅಂಗಾತ ಮಲಗಿ ಕಾಲನ್ನು ಹರಿವಿನ ಕಡೆ ಚಾಚಬೇಕು, ರಭಸದ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ಇಷ್ಟನ್ನು ಮೈಗೆ ಹತ್ತಿಸಿಕೊಂಡವನು ದಡದಲ್ಲಿ ನಿಂತಾಗಲೂ ಜಾಸ್ತಿ ಹುಷಾರಾಗಿರುತ್ತಾನೆ.

ಕಲಿಯಲು ಜಾಗ ಇಲ್ಲ ಎನ್ನುವಂತಿಲ್ಲ. ಲಿಂಗನಮಕ್ಕಿ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಬಹಳ ವರ್ಷಗಳಿಂದ ದೋಣಿ ಕಲಿಸುತ್ತಿದ್ದಾರೆ. ರಾಜ್ಯ ಸರ್ಕಾರದ್ದೇ ಆದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಪಕ್ಕದ ಕೇರಳವನ್ನು ನೋಡಿ. ಕೋಯಿಕ್ಕೋಡ್ ಜಿಲ್ಲೆಯ ಚಾಲಿಪ್ಪುಳ, ಇರುವಂಜಿಪ್ಪುಳದಲ್ಲಿ 2013ರಿಂದ ಮಲಬಾರ್ ರಿವರ್ ಫೆಸ್ಟಿವಲ್ ನಡೆಸಿ ಬೇರೆ ದೇಶದ ಕಯಾಕರ್‌ಗಳನ್ನೂ ಕರೆಸಿದರು. ಅದೇ ಪಶ್ಚಿಮ ಘಟ್ಟ, ಅದೇ ಮಳೆ. ಅವರಿಗೆ ಆದದ್ದು ನಮಗೇಕೆ ಆಗಬಾರದು?

ಇನ್ನೊಂದು ಮಾತು ನನಗೆ ಇದೆಲ್ಲಕ್ಕಿಂತ ಮುಖ್ಯ. ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟು ಕಟ್ಟಿದೆವು. ಹಳೆಯ ಸೂಪಾ ಊರೇ ನೀರಿನಡಿ ಹೋಯಿತು. ನದಿ ಎಂದರೆ ಕರೆಂಟು, ನದಿ ಎಂದರೆ ಕುಡಿಯುವ ನೀರಿನ ಪೈಪು ಎಂದುಕೊಂಡ ಮೇಲೆ ಅದರ ಪರವಾಗಿ ಮಾತಾಡಲು ಯಾರು ಉಳಿಯುತ್ತಾರೆ? ಕನೂವಿನಲ್ಲಿ ಕೂತವನ ಕಣ್ಣು ನೀರಿನಿಂದ ಎರಡೂವರೆ ಅಡಿ ಮೇಲಿರುತ್ತದೆ. ಎಲ್ಲಿ ಚರಂಡಿ ಬಂದು ಸೇರುತ್ತದೆ, ಎಲ್ಲಿ ಮರಳು ಬಗೆದಿದ್ದಾರೆ, ಯಾವ ಬಿದಿರುಮೆಳೆಗೆ ಎಷ್ಟು ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ ಎಂಬುದು ಅವನಿಗೆ ಕಾಣುತ್ತದೆ, ಮೂಗಿಗೂ ಬಡಿಯುತ್ತದೆ. ಮೋಟಾರ್ ಇಲ್ಲ, ಹೊಗೆ ಇಲ್ಲ, ಗದ್ದಲ ಇಲ್ಲ. ನದಿಯನ್ನು ಹೀಗೆ ಪಕ್ಕದಿಂದ ಬಲ್ಲ ಸಾವಿರ ಜನ ನಮಗೆ ಬೇಕು.

ನಿಯಮ ಬೇಡ ಎಂದು ನಾನು ಹೇಳುತ್ತಿಲ್ಲ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ರ‍್ಯಾಫ್ಟಿಂಗ್ ನಿಲ್ಲಿಸಿತು. ಮೊದಲು ನಿಯಮ ಮಾಡಿ ಎಂದಿತು. ನಿಯಮ ಬಂದ ಮೇಲೆ ಗಂಗೆಯಲ್ಲಿ ದೋಣಿ ಮತ್ತೆ ಇಳಿಯಿತು. ನಮ್ಮಲ್ಲೂ ಮೊದಲು ಒಂದು ತುಂಡು ಹೊಳೆ ಕೊಡಲಿ, ಮಳೆ ಪೂರ್ತಿ ನಿಂತ ತಿಂಗಳುಗಳಿಗೆ ಮಾತ್ರ. ತರಬೇತಿಯ ಚೀಟಿ ಇಲ್ಲದವರಿಗೆ ಬೇಡ, ಒಂಟಿ ದೋಣಿಗೆ ಬೇಡ. ಸೇತುವೆಯ ಕಂಬಕ್ಕೆ ನೀರಿನ ಮಟ್ಟದ ಗುರುತು ಬಳಿಯಲಿ, ಕೆಂಪು ಗೆರೆ ಮುಳುಗಿದ ದಿನ ಯಾರೂ ಇಳಿಯುವಂತಿಲ್ಲ. ಒಂದು ವರ್ಷ ನಡೆಸಿ ನೋಡಿ ಆಮೇಲೆ ಬೇಕೋ ಬೇಡವೋ ಎಂದು ತೀರ್ಮಾನಿಸಲಿ.

ವಿರೋಧ: ಕೆಂಪು ಗೆರೆ ಕಾಯುವವರು ಯಾರು?

ನಮ್ಮ ಮನೆ ಭದ್ರೆಯ ದಡದಲ್ಲಿದೆ. ದೋಣಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ‘ಸೌಮ್ಯವಾದ ಹೊಳೆ’ ಎಂಬ ಮಾತು ಕೇಳಿದಾಗಲೆಲ್ಲ ಅದು ಎಷ್ಟು ಹೊತ್ತಿನ ಮಾತು ಎಂದು ಕೇಳಬೇಕೆನಿಸುತ್ತದೆ.

ಗ್ರೇಡ್ 2 ಎನ್ನುವುದು ಹೊಳೆಗೆ ಹುಟ್ಟಿನಿಂದ ಬಂದ ಗುಣವಲ್ಲ. ಆ ದಿನ ಎಷ್ಟು ನೀರಿದೆ ಎಂಬುದರ ಲೆಕ್ಕ ಅದು. ದುಬಾರೆಯಲ್ಲಿ ಬಿಸಿಲು ಕಾಯುತ್ತಿದ್ದರೂ ಭಾಗಮಂಡಲದ ಕಡೆ ಮಳೆ ಸುರಿದಿದ್ದರೆ ಸ್ವಲ್ಪ ಹೊತ್ತಿನಲ್ಲೇ ನೀರು ಬಣ್ಣ ಬದಲಿಸುತ್ತದೆ. ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತೆಂಬ ಸುದ್ದಿಯನ್ನು ನಾವು ಎಷ್ಟು ಮಳೆಗಾಲ ಓದಿಲ್ಲ? ಕುದುರೆಮುಖದ ಗುಡ್ಡದಲ್ಲಿ ಬಿದ್ದದ್ದು ಇಲ್ಲಿಗೆ ಬಂದು ಮುಟ್ಟಲು ಜಾಸ್ತಿ ಹೊತ್ತು ಬೇಡ. ನೀರಿನ ವೇಗ ಎರಡರಷ್ಟಾದರೆ ಅದರ ಹೊಡೆತ ನಾಲ್ಕರಷ್ಟಾಗುತ್ತದೆ. ಬೆಳಿಗ್ಗೆ ಆಟವಾಗಿದ್ದ ಅಲೆ ಮಧ್ಯಾಹ್ನ ಆಟವಾಗಿ ಉಳಿಯುವುದಿಲ್ಲ.

ಮಳೆಯಾದರೂ ಮೋಡ ಕಾಣಿಸಿ ಬರುತ್ತದೆ. ಅಣೆಕಟ್ಟಿನ ನೀರು ಹಾಗೂ ಬರುವುದಿಲ್ಲ. ಗಣೇಶಗುಡಿಯ ಹತ್ತಿರ ಕಾಳಿಯಲ್ಲಿ ದೋಣಿ ಓಡುವುದೇ ಸೂಪಾದಲ್ಲಿ ವಿದ್ಯುತ್ ಮಾಡಿ ಬಿಟ್ಟ ನೀರಿನಲ್ಲಿ. ಯಂತ್ರ ಯಾವಾಗ ತಿರುಗಬೇಕು ಎಂಬುದನ್ನು ರಾಜ್ಯಕ್ಕೆ ಎಷ್ಟು ಕರೆಂಟ್ ಬೇಕು ಎಂಬುದು ತೀರ್ಮಾನಿಸುತ್ತದೆ. ಹೊಳೆಯಲ್ಲಿ ಯಾರಿದ್ದಾರೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂಡೆಗಳ ಮೇಲೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಮೇಲೆ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು. 24 ಮಕ್ಕಳು ಕೊಚ್ಚಿ ಹೋದರು. ಅವರು ಸಾಹಸಕ್ಕೆಂದು ನೀರಿಗೆ ಇಳಿದವರೂ ಅಲ್ಲ. ಬಿಯಾಸ್ ಅವರ ಕಣ್ಣೆದುರು ಸೌಮ್ಯವಾಗಿಯೇ ಇತ್ತು.

ನೀರನ್ನು ಓದಲು ಕಲಿಯಬಹುದು, ನಿಜ. ಆದರೆ ಓದಲಾಗದ ಅಪಾಯಗಳೂ ನಮ್ಮ ಹೊಳೆಯಲ್ಲಿವೆ. ಮೊದಲನೆಯದು ಮರ. ಪ್ರತಿ ಮಳೆಗಾಲದಲ್ಲೂ ದಡ ಕುಸಿದು ಮರಗಳು, ಬಿದಿರುಮೆಳೆಗಳು ಹೊಳೆಗೆ ಅಡ್ಡ ಬೀಳುತ್ತವೆ. ನೀರು ಕೊಂಬೆಗಳ ಸಂದಿಯಲ್ಲಿ ನುಗ್ಗಿ ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಹಿಂದಿನಿಂದ ಹರಿವು ಒತ್ತುತ್ತಲೇ ಇರುತ್ತದೆ. ಲೈಫ್ ಜಾಕೆಟ್ ಹಾಕಿದ್ದರೂ ಬಿಡಿಸಿಕೊಳ್ಳುವುದು ಕಷ್ಟ. ಹೋದ ವರ್ಷ ತೆರೆದಿದ್ದ ದಾರಿಯಲ್ಲಿ ಈ ವರ್ಷ ಮರ ಮಲಗಿರಬಹುದು. ಇಬ್ಬರು ಕೂರುವ ಕನೂವಿನೊಳಗೆ ನೀರು ತುಂಬಿದರೆ ಅರ್ಧ ಟನ್‌ಗಿಂತ ಜಾಸ್ತಿ ತೂಗುತ್ತದೆ. ಅದು ಬಂಡೆಗೋ ಮರಕ್ಕೋ ನಿಮ್ಮನ್ನು ಒತ್ತಿ ಹಿಡಿದರೆ ಜೊತೆಗಾರನೊಬ್ಬ ಎಳೆದು ತೆಗೆಯಲು ಆಗುವುದಿಲ್ಲ.

ಎರಡನೆಯದು ಕಿಂಡಿ ಅಣೆಕಟ್ಟು ಮತ್ತು ಚೆಕ್ ಡ್ಯಾಂ. ಕರಾವಳಿ ಮಲೆನಾಡಿನಲ್ಲಿ ಇವು ಬೇಕಾದಷ್ಟಿವೆ. ಮೇಲಿನಿಂದ ಬರುವವನಿಗೆ ತುಂಬಿ ಹರಿಯುವ ಚೆಕ್ ಡ್ಯಾಂ ಕಾಣುವುದೇ ಇಲ್ಲ. ನೀರು ಸಪಾಟಾಗಿ ಹೋಗಿ ಒಂದು ಗೆರೆಯಲ್ಲಿ ಮುಗಿದಂತೆ ಕಾಣುತ್ತದೆ ಅಷ್ಟೇ. ಕೆಳಗೆ ಬಿದ್ದ ನೀರು ಅಲ್ಲೇ ಸುರುಳಿ ಸುತ್ತುತ್ತದೆ. ಬಿದ್ದವನನ್ನು ಮುಳುಗಿಸಿ, ಎತ್ತಿ, ಮತ್ತೆ ಗೋಡೆಯ ಬುಡಕ್ಕೆ ಎಳೆದುಕೊಂಡು ಹೋಗುತ್ತದೆ. ಎತ್ತರ ನಾಲ್ಕೈದು ಅಡಿಯೇ ಇರಬಹುದು. ಕಯಾಕಿಂಗ್ ನುರಿತವರೂ ಇಂಥ ಗೋಡೆಗಳಿಗೆ ಹೆದರುತ್ತಾರೆ. ಕಿಂಡಿ ಅಣೆಕಟ್ಟಿನ ಹಲಗೆ ತೆಗೆದಾಗಲಾದರೂ ಪರವಾಗಿಲ್ಲ ಅಂದುಕೊಂಡರೆ, ಕಂಬಗಳ ನಡುವೆ ದೋಣಿ ಅಡ್ಡ ಸಿಕ್ಕುತ್ತದೆ. ರೈತರ ನೀರಿಗಾಗಿ ಕಟ್ಟಿದ್ದು ಇವು. ದೋಣಿಯವರ ಅನುಕೂಲಕ್ಕೆಂದು ಯಾರೂ ಒಡೆಯುವುದಿಲ್ಲ, ಒಡೆಯಲೂಬಾರದು.

ಪರವಾಗಿ ಮಾತಾಡುವವರು ನಿಯಮ ಮಾಡೋಣ, ಕೆಂಪು ಗೆರೆ ಬಳಿಯೋಣ ಎನ್ನುತ್ತಾರೆ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿತು. ಅದು ಸಮುದ್ರ, ದೋಣಿಯೂ ಬೇರೆ ಥರದ್ದು, ಒಪ್ಪುತ್ತೇನೆ. ಆದರೆ ದೋಣಿಗೆ ಇಷ್ಟೇ ಜನ, ಎಲ್ಲರಿಗೂ ಲೈಫ್ ಜಾಕೆಟ್ ಎಂಬುದು ಆಗ ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿತ್ತೇ? ಜಾತ್ರೆಯ ದಿನ, ಎಲ್ಲರ ಕಣ್ಣೆದುರು ಪಾಲಿಸಲಾಗದ ನಿಯಮವನ್ನು ಕಾಡಿನ ನಡುವಿನ ಹೊಳೆಯಲ್ಲಿ ಯಾರು ನಿಂತು ಪಾಲಿಸುವಂತೆ ಮಾಡುತ್ತಾರೆ? ಕೇರಳದ ಉತ್ಸವದ ಉದಾಹರಣೆಯೂ ಇಲ್ಲಿಗೆ ಹೊಂದುವುದಿಲ್ಲ. ಉತ್ಸವದಲ್ಲಿ ದಡದ ಮೇಲೆ ಹಗ್ಗ ಹಿಡಿದು ರಕ್ಷಣೆಯವರು ನಿಂತಿರುತ್ತಾರೆ. ವಾರದ ಮಧ್ಯೆ ಇಬ್ಬರು ಗೆಳೆಯರು ಕಾರಿನ ಮೇಲೆ ದೋಣಿ ಕಟ್ಟಿಕೊಂಡು ಬಂದರೆ ಯಾರು ನಿಲ್ಲುತ್ತಾರೆ?

ನಾವು ನಿಲ್ಲುತ್ತೇವೆ. ಇದೇ ನನ್ನ ಮುಖ್ಯ ತಕರಾರು. ಹೊಳೆಯಲ್ಲಿ ಯಾರಾದರೂ ಕಾಣೆಯಾದರೆ ಮೊದಲು ಕೂಗುವುದು ದಡದ ಮನೆಗಳನ್ನು. ಮೊಬೈಲ್ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕಾದ ಊರುಗಳಿವು. ಅಗ್ನಿಶಾಮಕದವರು ತಾಲ್ಲೂಕು ಕೇಂದ್ರದಿಂದ ಬರುವಷ್ಟರಲ್ಲಿ ಊರಿನ ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಿರುತ್ತಾರೆ. ಅವರಿಗೆ ಹೆಲ್ಮೆಟ್ ಇಲ್ಲ, ತರಬೇತಿಯ ಚೀಟಿ ಇಲ್ಲ, ವಿಮೆ ಇಲ್ಲ. ಹೀಗೆ ಹುಡುಕಲು ಇಳಿದವರಿಗೆ ದಡದಿಂದ ಟಾರ್ಚ್ ಹಿಡಿದು ನಾನೂ ನಿಂತಿದ್ದೇನೆ. ಅಂಥ ರಾತ್ರಿಗಳಲ್ಲಿ ನಮ್ಮ ಅಡುಗೆಮನೆಯ ಒಲೆ ಆರುವುದಿಲ್ಲ. ಇಳಿದ ಹುಡುಗನ ತಾಯಿ ನಮ್ಮ ಜಗಲಿಯಲ್ಲೇ ಕೂತಿರುತ್ತಾಳೆ. ಪೇಟೆಯವರ ಕಲಿಕೆಗೆ ಈ ಹುಡುಗರ ಜೀವ ಪಣಕ್ಕಿಡುವ ಮೊದಲು ಅವರನ್ನು ಯಾರಾದರೂ ಕೇಳಿದ್ದಾರೆಯೇ?

ಹೊಳೆಯೊಳಗಿನವರನ್ನೂ ಕೇಳಬೇಕು. ಹುಟ್ಟಿನ ದೋಣಿಗೆ ಶಬ್ದವಿಲ್ಲ ಎಂಬುದನ್ನು ಗುಣ ಎನ್ನುತ್ತಾರೆ. ಸದ್ದಿಲ್ಲದೆ ತೀರಾ ಹತ್ತಿರ ಬಂದರೆ ಮರಿಗಳ ಜೊತೆ ಇರುವ ನೀರುನಾಯಿಗೆ ಗಾಬರಿಯೇ ಹೆಚ್ಚು. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳಿವೆ. ದುಬಾರೆಯಲ್ಲಿ ಕಾಡಾನೆ ಹೊಳೆ ದಾಟುತ್ತದೆ. ಹೊಳೆ ಇಳಿದ ತಿಂಗಳುಗಳಲ್ಲೇ ಮರಳುದಿಬ್ಬ, ಬಂಡೆಗಳ ಮೇಲೆ ಹಕ್ಕಿಗಳು ಮೊಟ್ಟೆ ಇಡುತ್ತವೆ. ನೀರು ಸೌಮ್ಯವಾಗಿದೆ ಎಂದು ದೋಣಿಯವರು ಬರುವ ಕಾಲವೂ ಅದೇ. ಊಟಕ್ಕೆ ದೋಣಿ ನಿಲ್ಲಿಸುವುದೂ ಅದೇ ದಿಬ್ಬದಲ್ಲಿ.

ನದಿಯ ಪರ ಮಾತಾಡುವ ಜನ ಬೇಕು ಎಂಬ ಮಾತು ನನ್ನ ಮನಸ್ಸಿಗೂ ನಾಟಿತು. ಅದಕ್ಕೆ ಸ್ವಂತ ದೋಣಿಯೇ ಬೇಕೆಂದಿಲ್ಲ. ಹುಟ್ಟು ಹಾಕುವ ಆಸೆ ಇದ್ದವರಿಗೆ ಹೊನ್ನೆಮರಡುವಿನಂಥ ಹಿನ್ನೀರಿದೆ. ಹರಿಯುವ ನೀರೇ ಬೇಕೆಂದರೆ ಆ ಹೊಳೆಯಲ್ಲೇ ಬೆಳೆದ ಸ್ಥಳೀಯ ಗೈಡ್‌ನ ಜೊತೆ ಹೋಗಲಿ. ನಿನ್ನೆ ಬಿದ್ದ ಮರ ಎಲ್ಲಿದೆ ಎಂಬುದು ಅವನಿಗೆ ಗೊತ್ತಿರುತ್ತದೆ, ಅವನ ಮನೆಗೂ ನಾಲ್ಕು ಕಾಸು ಸೇರುತ್ತದೆ. ಗೈಡ್ ಇಲ್ಲದೆ ಇಳಿಯುವ ಮಾತು ಆಮೇಲೆ. ಮೊದಲು ಅಣೆಕಟ್ಟಿನಿಂದ ನೀರು ಬಿಡುವ ಹೊತ್ತನ್ನು ಕೆಳಗಿನ ಪ್ರತಿ ಊರಿಗೂ ತಿಳಿಸುವ ಸೈರನ್ ಬರಲಿ. ಪಂಚಾಯಿತಿಗೊಂದು ರಕ್ಷಣೆಯ ಹಗ್ಗ, ನಾಲ್ಕು ಲೈಫ್ ಜಾಕೆಟ್ ಬರಲಿ. ನಮ್ಮ ಹುಡುಗರಿಗೆ ತರಬೇತಿಯೂ ವಿಮೆಯೂ ಸಿಗಲಿ. ಇಷ್ಟು ಆದ ದಿನ ಈ ಪ್ರಶ್ನೆಯನ್ನು ಮತ್ತೆ ಕೇಳಿ, ದಡದವರನ್ನೂ ಕೂರಿಸಿಕೊಂಡು ಕೇಳಿ.