ಹನ್ನೊಂದೂವರೆಯ ಸುಪ್ರಭಾತ

ಧನುರ್ಮಾಸ ಬಂತು ಅಂದ್ರೆ ನಮ್ಮಮ್ಮಂಗೆ ಬೆಳಿಗ್ಗೆ ಐದಕ್ಕೆ ಸುಪ್ರಭಾತ ಆಗ್ಲೇಬೇಕು. ಮೊಬೈಲಲ್ಲಿ ಹಾಕ್ಕೊಡ್ತೀನಮ್ಮ ಅಂದ್ರೆ ಬೇಡ್ವಂತೆ, ಹೋದ್ವರ್ಷ ಮಧ್ಯದಲ್ಲಿ ಅಡ್ವರ್ಟೈಸ್‌ಮೆಂಟ್ ಬಂದು ದೇವರ ಮನೇಲಿ ನಿಂತ್ಕೊಂಡು ಪರ್ಸನಲ್ ಲೋನ್ ಬೇಕಾ ಅಂತ ಕೇಳ್ತು, ಆ ಸಿಟ್ಟು ಇನ್ನೂ ಇಳ್ದಿಲ್ಲ. ಸರಿ, ಮಗ ಲಿನಕ್ಸ್ ಬಲ್ಲವನು ಅಂತ ಒಂದ್ಸಲನಾದ್ರೂ ಮನೇಲಿ ಪ್ರೂವ್ ಆಗ್ಲಿ ಅಂತ ಡ್ರಾಯರ್‌ನಲ್ಲಿ ಧೂಳು ಹಿಡ್ಕೊಂಡು ಬಿದ್ದಿದ್ದ ಹಳೇ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ತೆಗ್ದೆ, ಸ್ಪೀಕರ್ ಸಿಗಿಸ್ದೆ, ಐದು ಗಂಟೆಗೆ ಹಾಡು ಅಂತ, ಹೇಳಿದ ಹೊತ್ತಿಗೆ ಕೆಲಸ ಮಾಡಿಸೋ ಕ್ರಾನ್‌ನಲ್ಲಿ ಒಂದು ಲೈನ್ ಬರ್ದೆ. ಹತ್ತು ನಿಮಿಷದ ಕೆಲಸ.

ಆಮೇಲೆ ಡೇಟ್ ನೋಡಿದ್ರೆ ಪಾಪ ಅದಿನ್ನೂ ಎರಡು ವರ್ಷ ಹಿಂದೆನೇ ಕೂತಿದೆ. ಪೈ 3ರಲ್ಲಿ ಬ್ಯಾಟರಿ ಹಾಕಿದ ಗಡಿಯಾರನೇ ಇಲ್ಲ, ಆಫ್ ಆಗೋ ಮುಂಚೆ ಟೈಮ್ ಎಷ್ಟಿತ್ತು ಅಂತ ಒಂದು ಫೈಲಲ್ಲಿ ಬರ್ಕೊಂಡಿರತ್ತೆ, ಎದ್ದಾಗ ಅಲ್ಲಿಂದನೇ ಮುಂದುವರಿಸತ್ತೆ, ಮಧ್ಯಾಹ್ನ ಮಲ್ಗಿ ಸಂಜೆ ಎದ್ದು ಹಲ್ಲುಜ್ಜಕ್ಕೆ ಹೋಗ್ತಾರಲ್ಲ ಹಾಗೆ. ನೆಟ್ ಸಿಕ್ಮೇಲೆ, ಬೇರೆ ಸರ್ವರ್ ಹತ್ರ ಟೈಮ್ ಕೇಳ್ಕೊಳ್ಳೋ ಪದ್ಧತಿಯಾದ ಎನ್‌ಟಿಪಿ ಅದನ್ನ ಸರಿ ಮಾಡ್ಬೇಕು. ಯಾಕೋ ಮಾಡಿಲ್ಲ. ಒಳಗಿರೋ ಟೈಮ್‌ಸಿಂಕ್ ಪ್ರೋಗ್ರಾಂ ಸರಿ ಇಲ್ಲ ಬಿಡು, ಅದೇ ಕೆಲಸ ಮಾಡೋ ಕ್ರೋನಿ ಹಾಕೋಣ ಅಂತ ಹೊರಟೆ.

ಕ್ರೋನಿ ಇಳಿಸಕ್ಕೆ ಹೋದ್ರೆ ಸಾಫ್ಟ್‌ವೇರ್ ತಂದ್ಕೊಡೋ ಆಪ್ಟ್ ಒಪ್ಪಲ್ಲ. ಸಾಫ್ಟ್‌ವೇರ್ ಪಟ್ಟಿಯ ಈ ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ, ಆರುನೂರು ಚಿಲ್ಲರೆ ದಿನ ಕಾಯಿ ಅಂತು. ಅಂದ್ರೆ ಟೈಮ್ ಸರಿ ಮಾಡೋ ಸಾಫ್ಟ್‌ವೇರ್ ಬೇಕು ಅಂದ್ರೆ ಮೊದ್ಲು ಟೈಮ್ ಸರಿ ಇರ್ಬೇಕು. ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ. ರಾತ್ರಿ ಹತ್ತು ಗಂಟೆ ಆಗಿತ್ತು, ಅವತ್ತಿನ ಡೇಟ್ ಹಾಕಿ ಹತ್ತು ಅಂತಲೇ ಕೈಯಲ್ಲಿ ಟೈಪ್ ಮಾಡ್ದೆ, ಕ್ರೋನಿ ಇಳೀತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದ್ರೆ ಎನ್‌ಪಿಎಲ್‌ನ ಸರ್ವರ್ ಹೆಸರೂ ಸೇರಿಸ್ದೆ, ಇಡೀ ದೇಶಕ್ಕೆ ಟೈಮ್ ಕೊಡೋದು ಅಲ್ಲಿರೋ ಪರಮಾಣು ಗಡಿಯಾರಗಳೇ ತಾನೆ. ಕೊನೇಲಿ ಟೈಮ್‌ಝೋನ್ ನೋಡಿದ್ರೆ ಲಂಡನ್ ಅಂತಿತ್ತು, ಕೋಲ್ಕತಾ ಮಾಡಿ ರೀಬೂಟ್ ಹೊಡ್ದು ಮಲ್ಗಿದೆ. ಸರ್ವರ್ ಹೆಸರುಗಳ ಪಕ್ಕ ಇನ್ನೂ ಪ್ರಶ್ನಾರ್ಥಕ ಚಿಹ್ನೆ ಇತ್ತು, ಅಂದ್ರೆ ಅಲ್ಲಿಂದ ಟೈಮ್ ಇನ್ನೂ ಸಿಕ್ಕಿಲ್ಲ, ಬೆಳಿಗ್ಗೆ ಹೊತ್ತಿಗೆ ಸರಿಹೋಗತ್ತೆ ಬಿಡು ಅಂದ್ಕೊಂಡೆ.

ಮಲ್ಗೋ ಮುಂಚೆ ಅಪ್ಪ ಅಮ್ಮಂಗೆ ಒಂದು ಭಾಷಣನೂ ಬಿಗಿದಿದ್ದೆ. ಎನ್‌ಟಿಪಿ ಅಂದ್ರೆ ಸುಮ್ನೆ ಅಲ್ಲ, ಅಮೆರಿಕದ ಡೆಲವೇರ್‌ನಲ್ಲಿ ಮೇಷ್ಟ್ರಾಗಿದ್ದ ಡೇವಿಡ್ ಮಿಲ್ಸ್ ಅಂತ, ಅವ್ರು 1985ರಿಂದ ಕಟ್ಕೊಂಡು ಬಂದಿದ್ದು, ಪರಮಾಣು ಗಡಿಯಾರಕ್ಕೆ ನೇರ ಅಂಟ್ಕೊಂಡಿರೋ ಸರ್ವರ್ ಸ್ಟ್ರೇಟಮ್ ಒಂದು, ಅದನ್ನ ಕೇಳೋರು ಎರಡು, ಹೀಗೆ ಹದಿನೈದರವರೆಗೂ ಹೋಗತ್ತೆ, ಹದಿನಾರು ಅಂದ್ರೆ ಟೈಮೇ ಗೊತ್ತಿಲ್ಲ ಅಂತ ಅರ್ಥ. ಅಪ್ಪ ತಮ್ಮ ಕೀ ಕೊಡೋ ಎಚ್‌ಎಂಟಿ ವಾಚ್ ತಿರುಗಿಸ್ತಾ, ನಾವು ರೇಡಿಯೋಲಿ ಪೀಪ್ ಪೀಪ್ ಅಂದಾಗ ಇಡ್ತಿದ್ವಪ್ಪ ಅಂದ್ರು. ಅಮ್ಮ ಮಾತ್ರ ಪರಮಾಣು ಅಂದಿದ್ದನ್ನ ಸರಿಯಾಗಿ ಕೇಳಿಸ್ಕೊಂಡಿದ್ಳು. ಅದೇ ಎಡವಟ್ಟಾಗಿದ್ದು.

ನಿದ್ದೆಗಣ್ಣಲ್ಲಿ ಸುಪ್ರಭಾತ ಕೇಳಿಸ್ತು, ಭೇಷ್ ಮಗನೇ ಅಂತ ನನ್ನ ಬೆನ್ನು ನಾನೇ ತಟ್ಕೊಂಡು ಮಗ್ಲು ಬದಲಾಯಿಸ್ದೆ. ಆಮೇಲೆ ಕುಕ್ಕರ್ ವಿಷಲ್. ಆಮೇಲೆ ಅಪ್ಪ ಬಂದು ಭುಜ ಅಲ್ಲಾಡಿಸಿ, "ಲೋ, ನಿಮ್ಮಮ್ಮಂಗೆ ಏನಾಗಿದ್ಯೋ ನೋಡು, ಹನ್ನೆರಡು ಗಂಟೆ ರಾತ್ರೀಲಿ ಹುಗ್ಗಿ ಮಾಡ್ತಿದಾಳೆ" ಅಂದ್ರು.

ಎದ್ದೆನೋ ಬಿದ್ದೆನೋ ಅಂತ ಓಡ್ದೆ. ಅಮ್ಮ ಸ್ನಾನ ಮುಗ್ಸಿ, ಒದ್ದೆ ಕೂದ್ಲಿಗೆ ಟವೆಲ್ ಸುತ್ಕೊಂಡು ಗೇಟ್ ಮುಂದೆ ರಂಗೋಲಿ ಹಾಕ್ತಿದಾಳೆ. ಎದುರು ಮನೆ ಹುಡುಗ ಸೆಕೆಂಡ್ ಶಿಫ್ಟ್ ಮುಗಿಸ್ಕೊಂಡು ಬೈಕ್ ನಿಲ್ಲಿಸ್ತಿದ್ದ. ಅಮ್ಮ ಅವನಿಗೆ, "ಏನಪ್ಪಾ, ಇಷ್ಟು ಬೆಳಿಗ್ಗೇನೇ ಡ್ಯೂಟಿಗೆ ಹೊರಟ್ಬಿಟ್ಯಾ, ತಿಂಡಿ ಆಯ್ತಾ?" ಅವನು ಅಮ್ಮನ್ನ ನೋಡ್ದ, ನನ್ನ ನೋಡ್ದ, ಏನೂ ಮಾತಾಡ್ದೆ ಒಳಗೆ ಹೋಗಿ ಬಾಗ್ಲು ಹಾಕ್ಕೊಂಡ.

"ಗೋಡೆ ಗಡಿಯಾರ ನೋಡ್ಲಿಲ್ವಾಮ್ಮ?"

"ನೋಡ್ದೆ ಕಣೋ, ಹನ್ನೊಂದು ನಲವತ್ತು ತೋರಿಸ್ತಿತ್ತು. ಸೆಲ್ ಹೋಗಿದೆ ಅಂದ್ಕೊಂಡೆ. ನಿಂದು ಪರಮಾಣು ಅಲ್ವಾ?"

ಲೆಕ್ಕ ಹಾಕಿದ್ಮೇಲೆ ಗೊತ್ತಾಯ್ತು. ನಾನು ಹತ್ತು ಗಂಟೆ ಅಂತ ಹೇಳಿದ್ದು ಲಂಡನ್ ಟೈಮಲ್ಲಿದ್ದ ಮಷೀನ್‌ಗೆ, ಆಮೇಲೆ ಕೋಲ್ಕತಾ ಅಂದಿದ್ದಕ್ಕೆ ಅದು ನಿಷ್ಠೆಯಿಂದ ಐದೂವರೆ ಗಂಟೆ ಸೇರಿಸ್ಕೊಂಡು ಮೂರೂವರೆ ಮಾಡ್ಕೊಂಡಿದೆ, ಹನ್ನೊಂದೂವರೆಗೆ ಅದಕ್ಕೆ ಐದಾಗಿದೆ. ಕ್ರೋನಿ ತಿದ್ದಬೇಕಿತ್ತು, ಯಾಕೆ ತಿದ್ದಿಲ್ಲ? ರೀಚ್ ಕಾಲಮ್‌ನಲ್ಲಿ ಎಲ್ಲಾ ಸೊನ್ನೆ, ಒಂದು ಪ್ಯಾಕೆಟ್ಟೂ ವಾಪಸ್ ಬಂದಿಲ್ಲ. ಇಂಟರ್‌ನೆಟ್ ಕಂಪ್ನಿಯವ್ರಿಗೆ ಚೆನ್ನಾಗಿ ಬೈದೆ. ಆಮೇಲೆ ನೋಡಿದ್ರೆ ಎರಡು ವರ್ಷದ ಹಿಂದೆ ಸೆಕ್ಯುರಿಟಿ ಹುಚ್ಚು ಹತ್ತಿದ್ದಾಗ ನಾನೇ ಫೈರ್‌ವಾಲಲ್ಲಿ 53, 80, 443ನೇ ಪೋರ್ಟ್ ಬಿಟ್ಟು ಹೊರಗೆ ಹೋಗೋ ಬಾಗ್ಲೆಲ್ಲ ಮುಚ್ಚಿದೀನಿ, ಎನ್‌ಟಿಪಿ ಓಡಾಡೋದು ಯುಡಿಪಿ ಪೋರ್ಟ್ 123ರಲ್ಲಿ. ಪಾಪದ ಟೈಮ್‌ಸಿಂಕೂ ಇದಕ್ಕೇ ಸೋತಿದ್ದು. ಅದರ ಮೇಲೆ ಅಪವಾದ ಬೇರೆ ಹೊರಿಸಿದ್ದೆ.

123ರ ಬಾಗ್ಲು ತೆಗೆದು ಕ್ರೋನಿ ರೀಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡಿಗೆ ಪ್ರಶ್ನಾರ್ಥಕ ಹೋಗಿ ನಕ್ಷತ್ರ ಬಂತು, ಗಡಿಯಾರ ಒಂದೇ ನೆಗೆತಕ್ಕೆ ಐದೂವರೆ ಗಂಟೆ ಹಿಂದಕ್ಕೆ ಹೋಯ್ತು. ಹನ್ನೆರಡೂವರೆಗೆ ಮೂರೂ ಜನ ಕೂತು ಬಿಸಿ ಹುಗ್ಗಿ ತಿಂದ್ವಿ, ಚೆನ್ನಾಗೇ ಇತ್ತು.

ಒಂದು ವಿಷ್ಯ ಮರ್ತಿದ್ದೆ. ಗಡಿಯಾರ ಮೂರು ಗಂಟೆಗಿಂತ ಜಾಸ್ತಿ ಹಿಂದೆ ಹೋದ್ರೆ ಕ್ರಾನ್ ಹಳೇದನ್ನೆಲ್ಲ ಮರೆತು ಹೊಸ ಟೈಮ್ ಪ್ರಕಾರನೇ ನಡ್ಯತ್ತೆ. ಸರಿಯಾಗಿ ಐದಕ್ಕೆ ಮತ್ತೆ ಸುಪ್ರಭಾತ. "ದೇವ್ರನ್ನ ದಿನಕ್ಕೆ ಎಷ್ಟು ಸಲ ಎಬ್ಬಿಸ್ತೀಯೋ, ಆರ್ಸೋ ಅದನ್ನ" ಅಂತ ಅಮ್ಮ ರಗ್ಗಿನೊಳಗಿಂದ ಕೂಗಿದ್ಳು.

ಸಂಜೆ ಗೋಡೆ ಗಡಿಯಾರಕ್ಕೆ ಹೊಸ ಸೆಲ್ ಹಾಕ್ಸಿ, ಎಂದಿನ ಹಾಗೆ ಹತ್ತು ನಿಮಿಷ ಮುಂದಕ್ಕಿಟ್ಳು. ಆಮೇಲೆ ಪೈ ಕಡೆ ತಿರುಗಿ, "ಇದನ್ನೂ ಒಂದು ಹತ್ತು ನಿಮಿಷ ಮುಂದೆ ಇಡಕ್ಕಾಗತ್ತಾ?" ಅಂದ್ಳು. ಛೆ ಛೆ, ಪರಮಾಣು ಗಡಿಯಾರಕ್ಕೆ ಹಾಗೆಲ್ಲ ಮಾಡಕ್ಕಾಗಲ್ಲಮ್ಮ ಅಂದೆ. ರಾತ್ರಿ ಸುಮ್ನೆ ಮ್ಯಾನ್ಯುಯಲ್ ತಿರುವಿ ನೋಡಿದ್ರೆ ಕ್ರೋನಿಯಲ್ಲಿ ಟೈಮ್ ಹಿಂದೆ ಮುಂದೆ ಸರಿಸಕ್ಕೆ ಆಫ್‌ಸೆಟ್ ಅಂತ ಒಂದು ಆಪ್ಷನ್ ಇದೆ. ಅಮ್ಮಂಗೆ ಇನ್ನೂ ಹೇಳಿಲ್ಲ.