ಅತ್ತವಳು ನಾನು, ಕಾಯಿಲೆ ಬಿದ್ದವನು ಅಣ್ಣ

ಅಪ್ಪ ಹೋಗಿ ನಾಲ್ಕು ತಿಂಗಳಾದರೂ ಅವರ ಕನ್ನಡಕದ ಡಬ್ಬಿ ಕಂಡರೆ ನನಗೆ ಅಳು ತಡೆಯೋಕೆ ಆಗ್ತಿರಲಿಲ್ಲ. ಸಡಿಲಾದ ಕಡ್ಡಿಗೆ ಅವರೇ ಸುತ್ತಿದ್ದ ಕಪ್ಪು ದಾರ ಇನ್ನೂ ಹಾಗೇ ಇತ್ತು. ಮನೆಮಂದಿಗೆಲ್ಲ ನನ್ನದೇ ಚಿಂತೆ. "ಇವಳಿಗೆ ಡಿಪ್ರೆಶನ್ನು, ಯಾರಿಗಾದ್ರೂ ತೋರಿಸಿ" ಅಂತ ಫೋನಿನ ಮೇಲೆ ಫೋನು. ಅಣ್ಣ ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. ಗಟ್ಟಿ ಮನಸ್ಸು ಅಂತ ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು.

ನನ್ನ ದುಃಖ ಬಂದು ಹೋಗ್ತಿತ್ತು. ಡಬ್ಬಿ ಕಂಡಾಗ ಉಕ್ಕೋದು, ಅತ್ತ ಮೇಲೆ ಇಳಿಯೋದು. ನಡುವೆ ಅಪ್ಪನ ಗೊರಕೆ ಅಣಕಿಸಿ ನಾನೂ ಅಮ್ಮನೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೂ ಇದೆ. ಅಣ್ಣನಿಗೆ ಅಳುವೂ ಇಲ್ಲ, ನಗುವೂ ಇಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ಮಗಳು ಓಡಿ ಬಂದು ತೊಡೆ ಏರಿದರೂ ಮುಖ ಅಲುಗದು. ವಾರಗಟ್ಟಲೆ ಹೀಗೇ. ಒಂದು ದಿನ ಅಂದ: "ಅಪ್ಪ ಇದ್ದಿದ್ರೂ ಅಷ್ಟೇ ಕಣೇ. ನಾನೊಂದು ದಂಡಪಿಂಡ."

ನಾನು ಬೆಚ್ಚಿದ್ದು ಆಗ. ಆಸ್ಪತ್ರೆಗೆ ಒಂದು ದಿನ ಮೊದಲೇ ಕರ್ಕೊಂಡು ಹೋಗಬೇಕಿತ್ತು ಅನ್ನೋ ಕೊರಗು ನನಗೂ ಇತ್ತು. ಆದರೆ ಅದು ಅಪ್ಪನಿಗೆ ಮಾಡದೆ ಉಳಿದದ್ದರ ಕೊರಗು. ಅಣ್ಣನ ಮಾತಲ್ಲಿ ಅಪ್ಪನೇ ಇರಲಿಲ್ಲ. ಸಾವಿನ ಯೋಚನೆಯಲ್ಲೂ ಈ ವ್ಯತ್ಯಾಸ ಇದೆಯಂತೆ: ದುಃಖದಲ್ಲಿರೋರು "ಅವರ ಹತ್ರ ಹೋಗಿಬಿಡೋಣ" ಅಂದ್ಕೊಳ್ತಾರೆ, ಖಿನ್ನತೆ ಇರೋರು "ನಾನು ಬದುಕೋಕೇ ಲಾಯಕ್ಕಿಲ್ಲ" ಅಂತಾರೆ. ಆದರೆ ಇವೆರಡರಲ್ಲಿ ಯಾವ ಮಾತು ಕಿವಿಗೆ ಬಿದ್ದರೂ ವಿಂಗಡಿಸ್ತಾ ಕೂರಬೇಡಿ, ಅವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ.

"ಸಾವಾದ ಮನೆ, ಇದೆಲ್ಲ ಇದ್ದದ್ದೇ" ಅಂತ ನಾವು ಕಾದೆವು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲೂ, ಸಾವಾಗಿ ಮೊದಲ ಎರಡು ತಿಂಗಳು ಸಾಮಾನ್ಯವಾಗಿ ಖಿನ್ನತೆ ಅನ್ನಬಾರದು ಅಂತ ಇತ್ತು. 2013ರಲ್ಲಿ ಅದನ್ನ ತೆಗೆದರು. ದುಃಖಕ್ಕೂ ರೋಗದ ಹಣೆಪಟ್ಟಿ ಹಚ್ತಾರೆ ಅಂತ ಆಗ ಗಲಾಟೆಯೇ ಆಯ್ತು. ಆ ಭಯ ಸುಳ್ಳಲ್ಲ, ನನಗೇ ಹಚ್ಚಿದ್ರಲ್ಲ! ಆದರೂ ನನ್ನ ಓಟು ತೆಗೆದವರಿಗೇ. ಸಾವಿನ ನೆಪದಲ್ಲಿ ಕಾಯಿಲೆ ಬಚ್ಚಿಟ್ಟುಕೊಳ್ಳೋದನ್ನ ಕಣ್ಣಾರೆ ಕಂಡಿದ್ದೀನಿ. (ವರ್ಷ ಕಳೆದರೂ ಹಂಬಲ ಬಿಡದೆ ಬದುಕೇ ನಿಂತುಹೋದರೆ ಅದು ಮೂರನೇ ಬಗೆ. 2022ರಿಂದ ಅದಕ್ಕೆ ಆ ಕೈಪಿಡಿಯಲ್ಲಿ ಬೇರೆಯೇ ಹೆಸರಿದೆ.)

ಔಷಧಿ ಶುರುವಾಗಿ ಎರಡು ತಿಂಗಳಾದ ಮೇಲೆ ಅಣ್ಣ ಆ ಡಬ್ಬಿ ತೆಗೆದ. ಕನ್ನಡಕ ಹಾಕ್ಕೊಂಡು ಗೋಡೆ ಕಡೆ ನೋಡ್ತಾ, "ಇಷ್ಟೊಂದು ಪವರ್ ಇತ್ತಾ ಅಪ್ಪಂಗೆ?" ಅಂದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.